ದೂರದೋಟದ ಸ್ಪರ್ಧೆಯಲ್ಲಿ ಬೆದೆಗೆ ಬಂದ ಹೆಣ್ಣುಗುದುರೆ: ಬಲ್ಲವರ ಅನುಭವ

ಪ್ರಶ್ನೆ, ಅಕ್ಕಲಕೋಟೆಯಿಂದ: ನಮ್ಮ ಮಾರವಾಡಿ ಹೆಣ್ಣುಗುದುರೆ 60 ಕಿ.ಮೀ. ಸ್ಪರ್ಧೆಯ ವಾರದಲ್ಲೇ ಬೆದೆಗೆ ಬರುವಂತಿದೆ. ಓಡಿಸಬಹುದೆ? ಔಷಧ ಕೊಡಿಸಬೇಕೆ?

ಜತ್ತದ ಸವಾರರೊಬ್ಬರು: ಧಾರಾಳವಾಗಿ ಓಡಿಸಿರಿ. ದಾರಿಗೆ ಬಿದ್ದ ಮೇಲೆ ಹೆಚ್ಚಿನವು ಬೆದೆಯನ್ನು ಮರೆತು ಓಡುತ್ತವೆ. ತೊಡಕೆಲ್ಲ ವೈದ್ಯರ ತಪಾಸಣೆಯ ಜಾಗದಲ್ಲಿ. ಸುತ್ತು ಮುಗಿಸಿ ಬಂದ ಕುದುರೆಯ ಹೃದಯಬಡಿತ 15 ನಿಮಿಷದೊಳಗೆ ನಿಮಿಷಕ್ಕೆ 64ಕ್ಕೆ ಇಳಿಯಬೇಕೆಂಬ ನಿಯಮವಿರುವಲ್ಲಿ, ಚೆನ್ನಾಗಿ ತಣಿದು ನಿಂತಿದ್ದ ಕುದುರೆಯೂ ಪಕ್ಕದಲ್ಲೊಂದು ಗಂಡು ಕೆನೆದೊಡನೆ ಕಿವಿ ನಿಮಿರಿಸಿ, ಬಡಿತವನ್ನು ಮತ್ತೆ ಏರಿಸಿಕೊಳ್ಳುತ್ತದೆ. ನಮ್ಮ ಭಾಗದಲ್ಲಿ ಬೀಜ ಒಡೆಸದ ಗಂಡುಗಳೇ ಹೆಚ್ಚು (ಅಕಲೂಜಿನ ಕುದುರೆ ಬಜಾರು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ). ಆದ್ದರಿಂದ ಗಂಡುಗಳನ್ನು ಎಲ್ಲಿ ಕಟ್ಟುತ್ತಾರೆಂದು ಸಂಘಟಕರಿಂದ ಮೊದಲೇ ತಿಳಿದುಕೊಂಡು, ದೂರದ ಮೂಲೆಯಲ್ಲಿ ನೀರು ಹೊಯ್ದು ತಣಿಸುವ ಏರ್ಪಾಡು ಮಾಡಿಕೊಳ್ಳಿರಿ. ಜತೆಗೆ ಬೆಳೆದ ಸಾಧು ಕುದುರೆಯೊಂದು ಪಕ್ಕದಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಒದೆಯುವ ಸ್ವಭಾವವಿದ್ದರೆ ಹಿಂದೆ ಬರುವವರಿಗೆ ಎಚ್ಚರಿಕೆಯಾಗಿ ಬಾಲಕ್ಕೆ ಕೆಂಪು ಪಟ್ಟಿ ಕಟ್ಟಿರಿ.

ಸೊಲ್ಲಾಪುರದ ಪಶುವೈದ್ಯೆಯೊಬ್ಬರು: ಬೆದೆಯ ಚಕ್ರ ಸುಮಾರು 21 ದಿನ, ಅದರಲ್ಲಿ ಬೆದೆ 5ರಿಂದ 7 ದಿನ. ದಿನಾಂಕಗಳನ್ನು ಬರೆದಿಡುತ್ತ ಬಂದರೆ ಸ್ಪರ್ಧೆಯ ವಾರ ಹೇಗಿರುತ್ತದೆಂದು ಬಹುಮಟ್ಟಿಗೆ ಊಹಿಸಬಹುದು. ಆದರೆ ಹಗಲು ಬೆಳೆಯತೊಡಗುವ ದಿನಗಳಲ್ಲಿ ಈ ಲೆಕ್ಕ ತಪ್ಪುವುದುಂಟು. ಬಾಯಿಯಿಂದ ಕೊಡುವ ಆಲ್ಟ್ರೆನೊಜೆಸ್ಟ್ ಎಂಬ ಹಾರ್ಮೋನು ಔಷಧ ಬೆದೆಯ ವರ್ತನೆಯನ್ನು ತಡೆಯುತ್ತದಾದರೂ ಅದಕ್ಕೆ ಎರಡು ಮೂರು ದಿನ ಬೇಕಾದುದರಿಂದ, ಸ್ಪರ್ಧೆಯ ಬೆಳಿಗ್ಗೆ ಕೊಟ್ಟರೆ ಪ್ರಯೋಜನವಿಲ್ಲ. ನಿಮ್ಮ ಸ್ಪರ್ಧೆಯ ನಿಯಮ ಅದನ್ನು ಒಪ್ಪುತ್ತದೆಯೇ ಎಂದು ಬರಹದಲ್ಲಿ ಕೇಳಿ ತಿಳಿಯಿರಿ. ಅದು ಮನುಷ್ಯರ ಚರ್ಮದ ಮೂಲಕವೂ ಒಳಸೇರುತ್ತದೆ; ಕೈಗವಸಿಲ್ಲದೆ ಮುಟ್ಟಬಾರದು, ಗರ್ಭಿಣಿಯರಂತೂ ಹತ್ತಿರ ಸುಳಿಯಲೇಬಾರದು. ಬೆದೆ ತಡೆಯಲೆಂದು ಗರ್ಭಕೋಶದಲ್ಲಿ ಗಾಜಿನ ಗೋಲಿ ಇಡಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿರಿ. ಅದು ಒಡೆದು ಗಾಯವಾದ ಪ್ರಕರಣಗಳಿವೆ. ಕುದುರೆ ಚಕ್ರದ ಹಂಗಿಲ್ಲದೆ ಸದಾ ಸಿಡುಕುತ್ತಿದ್ದರೆ ಬೆದೆಯನ್ನು ದೂರದೆ ಜೀನು, ಬೆನ್ನು, ಹೊಟ್ಟೆಯ ಹುಣ್ಣು ಮತ್ತು ಅಂಡಾಶಯವನ್ನು ಪರೀಕ್ಷಿಸಿರಿ.

ಮಂಗಳವೇಢೆಯಿಂದ ಮತ್ತೊಬ್ಬರು: ಡಾಕ್ಟರಮ್ಮನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಬೆದೆಯ ಕುದುರೆ ಬಾಲವೆತ್ತಿ ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವೇ ಉಚ್ಚೆ ಹೊಯ್ಯುವುದು ಸಹಜ. ಆದರೆ ಓಟದ ನಡುವೆ ಹಿಂಗಾಲು ಬಿಗಿದು, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಸ್ನಾಯುಗಳು ಹಾಳಾಗುತ್ತಿರುವ ಲಕ್ಷಣ. ಒಂದು ಹೆಜ್ಜೆಯನ್ನೂ ಮುಂದೆ ನಡೆಸದೆ ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕರೆಸಬೇಕು.