ಡ್ರೂಪಲ್: ಕೋಡ್ ಬದಲಿಸಿದೆ, ಸರ್ವರ್‌ನಲ್ಲಿ ಹಳೆಯದೇ ಕಾಣುತ್ತಿದೆ

ಸೆರಗು_ಕೋಡರ್
ಇಳಕಲ್‌ನ ಒಂದು ಸೀರೆ ಅಂಗಡಿಗೆ ಡ್ರೂಪಲ್ 10ರಲ್ಲಿ (ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್) ಸೈಟ್ ಮಾಡಿಕೊಡುತ್ತಿದ್ದೇನೆ. ಥೀಮ್‌ನಲ್ಲಿ, ಅಂದರೆ ಸೈಟ್ ಹೇಗೆ ಕಾಣಬೇಕು ಅನ್ನುವ ಫೈಲ್‌ಗಳಲ್ಲಿ, ಎರಡು ಕಡೆ ಕೈ ಹಾಕಿದೆ. ಪುಟದ ಅಚ್ಚಾದ ಟ್ವಿಗ್ ಫೈಲ್‌ನಲ್ಲಿ ಬೆಲೆಯನ್ನು ಸೆರಗಿನ ಫೋಟೋ ಕೆಳಗೆ ತಂದೆ, ಬಣ್ಣ, ಅಲಂಕಾರ ಬರೆಯುವ ಎಸ್‌ಸಿಎಸ್‌ಎಸ್‌ನಲ್ಲಿ ಬಟನ್ ಬಣ್ಣವನ್ನು ಸೆರಗಿನ ಕೆಂಪು ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ. ಸರ್ವರ್‌ನಲ್ಲಿ ಗಿಟ್ ಪುಲ್ ಮಾಡಿ ಹೊಸ ಕೋಡ್ ಇಳಿಸಿಕೊಂಡರೂ ಎರಡೂ ಹಳೆಯದೇ! ಫೈಲ್ ತೆರೆದರೆ ಹೊಸ ಕೋಡ್ ಅಲ್ಲೇ ಕೂತಿದೆ. ಇದಕ್ಕೆ ಕಂಪೈಲ್ (ಬರೆದ ಕೋಡನ್ನು ಓಡುವ ರೂಪಕ್ಕೆ ತರುವುದು) ಅಂತ ಬೇರೆ ಏನಾದರೂ ಮಾಡಬೇಕಾ? ನಾಳೆ ಮಾಲೀಕರು ನೋಡುತ್ತಾರೆ.

ಕುಂದಾನಗರಿ
ಡ್ರಷ್ ಸಿಆರ್ ಕೊಟ್ಟಿರಾ, ಡ್ರೂಪಲ್‌ನ ಕ್ಯಾಶ್ (ಕೂಡಿಟ್ಟ ಹಳೇ ಪ್ರತಿಗಳು) ಖಾಲಿ ಮಾಡುವ ಕಮಾಂಡ್? ಮೊದಲು ಅದು, ಆಮೇಲೆ ಮಾತಾಡೋಣ.

ಸೆರಗು_ಕೋಡರ್
ಈಗ ಕೊಟ್ಟೆ ರೀ. ಬೆಲೆ ಕೆಳಗೆ ಬಂತು! ಬಣ್ಣ ಮಾತ್ರ ಹಾಗೇ ಇದೆ. ಒಂದು ಬಂದು ಇನ್ನೊಂದು ಯಾಕೆ ಬರಲಿಲ್ಲ?

ಗುಮ್ಮಟದ_ಪಿಸುಮಾತು
ತಮ್ಮಾ, ಇವೆರಡೂ ಬೇರೆ ಬೇರೆ ಕಂಪೈಲ್. ಟ್ವಿಗ್ ಫೈಲನ್ನು ಡ್ರೂಪಲ್ ಪ್ರತಿ ಸಲ ಓದುತ್ತಾ ಕೂರುವುದಿಲ್ಲ. ಮೊದಲ ಸಲ ಬೇಕಾದಾಗ ಅದನ್ನು ಪಿಎಚ್‌ಪಿ (ಡ್ರೂಪಲ್ ಬರೆದಿರುವ ಭಾಷೆ) ಕೋಡ್ ಮಾಡಿ, ಸಾಮಾನ್ಯವಾಗಿ ಸೈಟ್ಸ್, ಡಿಫಾಲ್ಟ್, ಫೈಲ್ಸ್ ಒಳಗಿನ ಪಿಎಚ್‌ಪಿ ಅನ್ನೋ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ, ಆಮೇಲೆ ಓಡುವುದೆಲ್ಲ ಆ ಪ್ರತಿಯೇ. ನಕ್ಷೆಯ ಹಾಳೆ ತಿದ್ದಿದರೆ ಮಗ್ಗದ ಮೇಲಿನ ಸೀರೆ ತಾನಾಗೇ ಬದಲಾಗುತ್ತಾ? ನಿನ್ನ ಲ್ಯಾಪ್‌ಟಾಪ್‌ನಲ್ಲಿ ಟ್ವಿಗ್ ಡೀಬಗ್ (ತಪ್ಪು ಹುಡುಕಲು ಇರುವ ಸೆಟ್ಟಿಂಗ್) ಆನ್ ಇರಬೇಕು, ಆಗ ಫೈಲ್ ಬದಲಾದದ್ದನ್ನು ಅದೇ ನೋಡಿ ಮತ್ತೆ ಕಂಪೈಲ್ ಮಾಡುತ್ತದೆ. ಸರ್ವರ್‌ನಲ್ಲಿ ಆಫ್ ಇದೆ, ಆಫೇ ಇರಲಿ. ಅಲ್ಲಿ ಆನ್ ಮಾಡಿದರೆ ಸೈಟ್ ನಿಧಾನ, ಮೇಲಾಗಿ ಟೆಂಪ್ಲೇಟ್ ಹೆಸರೆಲ್ಲ ಪುಟದ ಸೋರ್ಸ್‌ನಲ್ಲಿ ಬಯಲು. (10.1ರಿಂದ ಇದಕ್ಕೆ ಅಡ್ಮಿನ್‌ನಲ್ಲೇ ಒಂದು ಟಿಕ್ ಇದೆ, ಮೊದಲು ವೈಎಎಂಎಲ್ ಅನ್ನೋ ಸೆಟ್ಟಿಂಗ್ ಫೈಲ್ ಕೆದಕಬೇಕಿತ್ತು.)

ಎಸ್‌ಸಿಎಸ್‌ಎಸ್ ಏನು ಅಂತ ಡ್ರೂಪಲ್‌ಗೆ ಗೊತ್ತೇ ಇಲ್ಲ. ಬ್ರೌಸರ್‌ಗೂ ಗೊತ್ತಿಲ್ಲ. ನೂರು ಸಲ ಕ್ಯಾಶ್ ಖಾಲಿ ಮಾಡಿದರೂ ಅದು ಬ್ರೌಸರ್‌ಗೆ ಅರ್ಥವಾಗುವ ಸಿಎಸ್‌ಎಸ್ ಆಗಲ್ಲ, ಅದಕ್ಕೆ ಸಾಸ್ ಅನ್ನೋ ಟೂಲ್ ಓಡಿಸಲೇಬೇಕು. ಲ್ಯಾಪ್‌ಟಾಪ್‌ನಲ್ಲಿ ಫೈಲ್ ಬದಲಾದಾಗೆಲ್ಲ ಕಂಪೈಲ್ ಮಾಡುವ ಸಾಸ್ ವಾಚ್ ಸುಮ್ನೆ ಹಿಂದೆ ಓಡುತ್ತಿರುತ್ತದೆ, ಅದಕ್ಕೇ ಅಂಥದ್ದೊಂದು ಇದೆ ಅನ್ನುವುದೇ ಮರೆತುಹೋಗುತ್ತದೆ. ನಿನ್ನ ಗಿಟ್‌ಇಗ್ನೋರ್ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ) ತೆರೆದು ನೋಡು. ಸಿಎಸ್‌ಎಸ್ ಫೋಲ್ಡರ್ ಅದರಲ್ಲಿದೆಯಾ?

ಸೆರಗು_ಕೋಡರ್
ಅಯ್ಯೋ ಅಣ್ಣಾ, ಇದೆ! ಸ್ಟಾರ್ಟರ್ ಥೀಮ್ ಜೊತೆಗೇ ಬಂದದ್ದು, ನಾನು ತೆರೆದೇ ನೋಡಿರಲಿಲ್ಲ. ಮೊದಲ ಸಲ ಗಿಟ್ ಇಲ್ಲದೆ ಎಫ್‌ಟಿಪಿಯಲ್ಲಿ ನೇರವಾಗಿ ಇಡೀ ಥೀಮ್ ಹಾಕಿದ್ದೆ, ಆಗಿನ ಸಿಎಸ್‌ಎಸ್ಸೇ ಸರ್ವರ್‌ನಲ್ಲಿ ಉಳಿದಿದೆ.

ಜೋಳದ_ಹೊಲ
ಸಿಎಸ್‌ಎಸ್ ಹಾಕಿದ ಮೇಲೆ ಇನ್ನೊಂದು ಸಲ ಡ್ರಷ್ ಸಿಆರ್ ಕೊಡಿ, ಸಿಎಸ್‌ಎಸ್‌ಗಳನ್ನು ಸೇರಿಸಿ ಕಟ್ಟಿಟ್ಟ ಹಳೇ ಗಂಟು ಹೋಗಬೇಕಲ್ವಾ.

ಇನ್ನೊಂದು ಮಾತು, ನಿಮ್ಮ ತೊಂದರೆ ಇದಲ್ಲ, ಆದರೂ ಹೇಳಿಬಿಡುತ್ತೇನೆ. ಬಾಗಲಕೋಟೆಯಲ್ಲಿ ಕೂತು ಇದಕ್ಕಾಗಿ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವನು ನಾನು. ಮಾಡ್ಯೂಲ್‌ನ (ಡ್ರೂಪಲ್‌ಗೆ ಸೇರಿಸುವ ಭಾಗ) ಪಿಎಚ್‌ಪಿ ಕೋಡ್ ಬದಲಿಸಿ, ಕ್ಯಾಶ್ ಖಾಲಿ ಮಾಡಿ, ಏನು ಮಾಡಿದರೂ ಹಳೆಯದೇ ಓಡುತ್ತಿತ್ತು. ಕೊನೆಗೆ ನೋಡಿದರೆ ಓಪಿಕ್ಯಾಶ್. ಪಿಎಚ್‌ಪಿ ತಾನೂ ಕೋಡನ್ನು ಕಂಪೈಲ್ ಮಾಡಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಡಿಫಾಲ್ಟ್ ಆಗಿ 2 ಸೆಕೆಂಡಿಗೊಮ್ಮೆ ಫೈಲ್ ಬದಲಾಗಿದೆಯಾ ಅಂತ ನೋಡುತ್ತದೆ, ಆದರೆ ನಮ್ಮ ಹೋಸ್ಟಿಂಗ್‌ನವರು ವೇಗಕ್ಕೆ ಅಂತ ವ್ಯಾಲಿಡೇಟ್ ಟೈಮ್‌ಸ್ಟಾಂಪ್ಸ್ ಅನ್ನೋ ಸೆಟ್ಟಿಂಗ್ 0 ಮಾಡಿ, ಹಾಗೆ ನೋಡುವುದನ್ನೇ ನಿಲ್ಲಿಸಿಟ್ಟಿದ್ದರು. ಡ್ರಷ್ ಓಡುವುದು ಕಮಾಂಡ್ ಲೈನ್‌ನಲ್ಲಿ, ವೆಬ್ ಕಡೆಯ ಆ ಮೆಮೊರಿಯನ್ನು ಅದು ಮುಟ್ಟುವುದೇ ಇಲ್ಲ. ವೆಬ್ ಕಡೆ ಪಿಎಚ್‌ಪಿ ಓಡಿಸುವ ಪಿಎಚ್‌ಪಿ ಎಫ್‌ಪಿಎಂ ರೀಲೋಡ್ ಮಾಡಿದ ಕೂಡಲೇ ಸರಿಹೋಯಿತು.

ಸೆರಗು_ಕೋಡರ್
ಕೆಂಪು ಬಂತು! ಎಲ್ಲರಿಗೂ ಒಂದೊಂದು ಪ್ಲೇಟ್ ಕರದಂಟು ಬಾಕಿ. ಆದರೆ ಮಾಲೀಕರು ಫೋನ್ ಮಾಡಿ ‘ನನ್ನ ಮೊಬೈಲ್‌ನಲ್ಲಿ ಇನ್ನೂ ಹಳೆಯದೇ ಇದೆ’ ಅಂತಿದ್ದಾರೆ.

ಕುಂದಾನಗರಿ
ಬ್ರೌಸರ್ ಕ್ಯಾಶ್ ಇರಬೇಕು, ಖಾಸಗಿ ವಿಂಡೋದಲ್ಲಿ ತೆರೆಯಲು ಹೇಳಿ.

ಸೆರಗು_ಕೋಡರ್
ಅಲ್ಲ ರೀ, ಅಂಗಡಿಗೇ ಹೋಗಿ ನೋಡಿದೆ. ಮೊನ್ನೆ ನಾನು ವಾಟ್ಸಾಪ್‌ನಲ್ಲಿ ಕಳಿಸಿದ್ದ ಸ್ಕ್ರೀನ್‌ಶಾಟ್ ತೆರೆದು ನೋಡುತ್ತಾ ಕೂತಿದ್ದಾರೆ.