ಸಣ್ಣ ರೈಲು ಒಬ್ಬರ ಓಡಿಸೂದು ಚಲೋನೋ, ಮಂದಿ ಕೂಡಿ ಓಡಿಸೂದು ಚಲೋನೋ?

ಧಾರವಾಡ, ಸಪ್ತಾಪುರದಿಂದ (ಕೇಳಿದವರು)

ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಂಕಿನ ನೌಕರಿ ಮುಗಿಸಿ ಎರಡು ವರ್ಷ ಆತು. ಹೋದ ದೀಪಾವಳಿಗೆ ಮಗ ಜರ್ಮನಿಯಿಂದ ಬರೂ ಮುಂದ ರೈಲಿನ ಸೆಟ್ ಒಂದು ತಂದ. ಎಚ್‌ಓ ಅಳತಿದು, ಖರೇ ರೈಲಿನ 87ರಾಗ ಒಂದು ಪಾಲು. ಎರಡು ಇಂಜಿನ್, ಆರು ಡಬ್ಬಿ, ತತ್ತಿ ಆಕಾರದ ಹಳಿ. ಮಾಳಿಗಿ ಮ್ಯಾಲ 10ಕ್ಕ 12 ಅಡಿ ಖೋಲಿ ಖಾಲಿ ಬಿದ್ದಿತ್ತು, ಅಲ್ಲೇ ಪ್ಲೈವುಡ್ ಹಾಸಿ ಜೋಡಿಸಿದೆ. ಮೂರು ತಿಂಗಳು ಒಬ್ಬನ ಕೂತು ಗುಡ್ಡ ಮಾಡಿದೆ, ಸುರಂಗ ಮಾಡಿದೆ, ಹೊತ್ತು ಹೋಗಿದ್ದು ಗೊತ್ತಾಗ್ಲಿಲ್ಲ. ಈಗ ಎಲ್ಲಾ ಮುಗದದ. ರೈಲು ಸುತ್ತತದ, ನಾ ನೋಡ್ತೀನಿ. ಹತ್ತು ಸುತ್ತಾದ ಮ್ಯಾಲ ಮುಂದೇನು ಅನ್ನಸ್ತದ.

ಹುಬ್ಬಳ್ಳ್ಯಾಗ ನಾಕೈದು ಮಂದಿ ತಿಂಗಳಿಗೆ ಎರಡು ಐತವಾರ ಕೂಡ್ತಾರಂತ. "ನಿಮ್ಮ ಹಳಿ ತಗೊಂಡು ಬರ್ರಿ, ಎಲ್ಲಾ ಕೂಡಿಸಿ ದೊಡ್ಡದು ಮಾಡೂಣು" ಅಂದಾರ. ನನಗ ಮಂದಿ ನಡುವ ಮಾತು ಕಡಿಮಿ. ಮನ್ಯಾಕಿ ಮಾತ್ರ "ದಿನಾ ಮ್ಯಾಲ ಹತ್ತಿ ಬಾಗಲಾ ಹಾಕ್ಕೋತೀರಿ, ಒಂದೀಟು ಮಂದ್ಯಾಗ ಹೋಗ್ರಿ" ಅಂತ ಬೆನ್ನು ಹತ್ಯಾಳ. ಅನುಭವ ಇದ್ದವರು ಹೇಳ್ರಿ.

ಹುಬ್ಬಳ್ಳಿ, ಕೇಶ್ವಾಪುರದಿಂದ

ಒಬ್ಬರ ಮಾಡ್ರಿ ಸರ್. ನಂದು ಬಟ್ಟಿ ಅಂಗಡಿ. ಮುಂಜಾನಿಂದ ರಾತ್ರಿ ತನಕ ಗಿರಾಕಿ ಜೋಡಿ ಮಾತಾಡಿ ಬಾಯಿ ಒಣಗಿರ್ತದ. ಹತ್ತಕ್ಕ ಊಟ ಮುಗಿಸಿ ಮಂಚದ ಕೆಳಗಿಂದ ಹಲಗಿ ಎಳದ್ರ ಮುಂದಿನ ಒಂದು ತಾಸು ಜಗತ್ತಿನ್ಯಾಗ ಯಾರೂ ನನ್ನ ಹೆಸರು ಹಿಡಿದು ಕರಿಯೂದಿಲ್ಲ. ನಂದು ಎನ್ ಅಳತಿ, 160ರಾಗ ಒಂದು ಪಾಲು, ಹಳಿ ಅಗಲ 9 ಮಿಲಿಮೀಟರ್, ಅದಕ್ಕ ಮಂಚದ ಕೆಳಗ ಹಿಡಿಸ್ತದ. ಒಂದು ಸಣ್ಣ ಠೇಶನ್ನಿನ ಹಂಚಿನ ಮಾಡಿಗೆ ನಾ ಎಂಟು ತಿಂಗಳು ತಗೊಂಡೀನಿ. ಒಂದೊಂದ ಹಂಚು ರಟ್ಟಿನ್ಯಾಗ ಕತ್ತರಿಸಿ ಅಂಟಿಸೀನಿ. ನಾಕು ಮಂದಿ ಇದ್ದಿದ್ರ ಎರಡನೇ ವಾರಕ್ಕ "ಪ್ರಿಂಟ್ ತಗದು ಹಚ್ಚಿ ಬಿಡ್ರಿ, ಯಾರ್ ನೋಡ್ತಾರ" ಅಂತಿದ್ರು. ನಾ ನೋಡ್ತೀನಲ್ಲ!

ಇನ್ನೊಂದು. ಓಣ್ಯಾಗ ಯಾರಿಗೂ ಹೇಳಾಕ ಹೋಗಬ್ಯಾಡ್ರಿ. ಹಳಿ ಜೋಡಿಸಿದ ಹಲಗಿಗೆ ನಾವು ಲೇಔಟ್ ಅಂತೀವಲ್ಲ, "ಹೊಸಾ ಲೇಔಟ್ ಮಾಡಾಕತ್ತೀನಿ" ಅಂತ ಬಾಜೂ ಮನ್ಯಾವರಿಗೆ ಅಂದೆ. "ಎಲ್ಲಿ, ಗಬ್ಬೂರ ಕಡೆ ಏನು? ಎನ್‌ಎ ಆಗೇತೇನು? ಚದರಡಿಗೆ ಎಷ್ಟು?" ಅಂತ ಕೇಳಿದ್ರು. ಆರು ತಿಂಗಳಾದ್ರೂ ಸೈಟಿನ ರೇಟ್ ಕೇಳೂದು ಬಿಟ್ಟಿಲ್ಲ.

ಹುಬ್ಬಳ್ಳಿ, ವಿದ್ಯಾನಗರದಿಂದ (ಎಂಜಿನಿಯರಿಂಗ್ ವಿದ್ಯಾರ್ಥಿ)

ಅಂಕಲ್, ಜಾಗದ ಲೆಕ್ಕ ಹಾಕಿ ನೋಡ್ರಿ. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆ ಪ್ಲಾಟ್‌ಫಾರ್ಮ್ 1507 ಮೀಟರ್. ಅದನ್ನ ಎಚ್‌ಓದಲ್ಲಿ ಮಾಡಿದರೆ 17.3 ಮೀಟರ್ ಆಗ್ತದ. ನಿಮ್ಮ ಖೋಲಿಯ ನಾಲ್ಕೂ ಗೋಡೆ ಕೂಡಿಸಿದರೆ 13.4 ಮೀಟರ್. ಅಂದ್ರ ಬರೇ ಪ್ಲಾಟ್‌ಫಾರ್ಮೇ ಇಡೀ ಖೋಲಿ ಸುತ್ತಿ ಬಾಗಿಲಾ ದಾಟಿ ಮೆಟ್ಟಿಲಿಗೆ ಬರ್ತದ. ಕ್ಯಾಸಲ್‌ರಾಕ್ ಘಾಟ್ ಮಾಡ್ತೀನಿ ಅಂದ್ರೂ ಅಷ್ಟೇ. ಅಲ್ಲಿನ ಏರು 37ಕ್ಕೆ 1. ಒಂದು ಹಳಿ ಮೇಲೆ ಇನ್ನೊಂದು ಹಳಿ ದಾಟಬೇಕಂದ್ರ ಸುಮಾರು 8 ಸೆಂಟಿಮೀಟರ್ ಎತ್ತರ ಬೇಕು, ಅದಕ್ಕೆ 3 ಮೀಟರ್ ಓಟ ಬೇಕು. ನಿಮ್ಮ ಒಂದು ಗೋಡೆ ಅಷ್ಟಕ್ಕೇ ಮುಗೀತು. ಇಂಥದ್ದು ಬೇಕಂದ್ರ ನಾಲ್ಕು ಮಂದಿ ಹಲಗೆ ತಂದು ಕಲ್ಯಾಣ ಮಂಟಪದ ಹಾಲ್‌ನಲ್ಲಿ ಜೋಡಿಸಬೇಕು, ಬೇರೆ ದಾರಿ ಇಲ್ಲ.

ಆದರೆ ಮೊದಲೇ ಕೂತು ಅಳತೆ ಗೊತ್ತು ಮಾಡ್ಕೋರಿ. ನೆಲದಿಂದ ಹಳಿ ಎಷ್ಟು ಎತ್ತರ, ಹಲಗೆಯ ತುದಿಯಿಂದ ಹಳಿ ಎಷ್ಟು ಒಳಗೆ, ಯಾವ ವೈರ್ ಯಾವ ಬಣ್ಣ. ನಾವು ಮೂವರು ಗೆಳೆಯರು ಎಲ್ಲಾ ಮಾತಾಡಿ ಎತ್ತರ ಮಾತ್ರ ಮರೆತಿದ್ವಿ. ಜೋಡಿಸುವ ದಿನ ನನ್ನ ಹಲಗೆ ಒಂದು ಕಡೆ ಎರಡು ಬೆರಳು ಮೇಲೆ. ಹಳೇ ಜರ್ನಲ್ ಪುಸ್ತಕಗಳನ್ನ ಕಾಲ ಕೆಳಗೆ ಇಟ್ಟು ಸಂಭಾಳಿಸಿದ್ವಿ.

ಇನ್ನೊಂದು ಫಜೀತಿ. ಡಿಸಿಸಿ (ಡಿಜಿಟಲ್ ಕಂಟ್ರೋಲ್) ಗೊತ್ತಿರಬೇಕಲ್ಲ, ಒಂದೊಂದು ಇಂಜಿನ್ನಿಗೆ ಒಂದೊಂದು ನಂಬರ್, ಹಳಿ ಒಂದೇ ಇದ್ದರೂ ಒಬ್ಬೊಬ್ಬರು ತಮ್ಮ ತಮ್ಮ ಇಂಜಿನ್ ಓಡಿಸಬಹುದು. ಇಂಜಿನ್ ಒಳಗಿನ ಡಿಕೋಡರ್ ಚಿಪ್ ಹೊಸದಿದ್ದಾಗ ಹೆಚ್ಚಾಗಿ ಫ್ಯಾಕ್ಟರಿಯಿಂದ ಬರೂದು 3ನೇ ನಂಬರಿನಲ್ಲೇ. ನಾನೂ ಬದಲಿಸಿರಲಿಲ್ಲ, ಗೆಳೆಯನೂ ಬದಲಿಸಿರಲಿಲ್ಲ. ನಾ ಸ್ಪೀಡ್ ಕೊಟ್ಟೆ, ನನ್ನ ಜೊತೆ ಅವನ ಇಂಜಿನ್ನೂ ಓಡಿ ಟೇಬಲ್ ತುದಿಯಿಂದ ಕೆಳಗೆ ಹೋತು. ಒಬ್ಬರೇ ಓಡಿಸೋರಿಗೆ ಡಿಸಿಸಿ ಬ್ಯಾಡ, ಹಳೇ ಕಂಟ್ರೋಲರ್ ಸಾಕು. ಮಂದಿ ಕೂಡೂದಾದರೆ ಬೇಕೇ ಬೇಕು.

ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ರೈಲು ಮಾದರಿ ಸಂಘದಲ್ಲಿ ಕೆಲವರು ಹಲಗೆ ಮೇಲೆ ಊರು-ಗುಡ್ಡ ಮಾಡ್ತಿದ್ರು, ಕೆಲವರು ಹಲಗೆ ಕೆಳಗೆ ಕೂತು ರಿಲೇ-ವೈರು ನೋಡ್ತಿದ್ರು. ಕಂಪ್ಯೂಟರ್ ಮಂದಿಯ ಹ್ಯಾಕರ್ ಅನ್ನೋ ಮಾತು ಬೆಳೆದಿದ್ದು ಆ ಕೆಳಗೆ ಕೂತವರ ನಡುವೆ. ನಿಮಗೆ ವೈರಿಂಗ್ ಬೇಸರ ಇದ್ದರೆ ಗುಂಪಿನಲ್ಲಿ ಅದೇ ಇಷ್ಟಪಡೋನು ಒಬ್ಬ ಇರ್ತಾನೆ. ನಮ್ಮಲ್ಲಿ ಅದು ನಾನೇ.

ಹಾವೇರಿಯಿಂದ

ರೈಲು ನಮ್ಮ ಯಜಮಾನರದ್ದು, ಊರು ನಂದು. ಹಿಂಗ ಪಾಲು ಮಾಡ್ಕೊಂಡೀವಿ. ಹಳಿ, ಇಂಜಿನ್, ಬೆಸಿಗಿ ಅವರು. ಗಿಡ, ಮನಿ, ಹೊಲ ನಾನು ಮತ್ತ ಮಗಳು. ಒಣಗಿದ ಹೀರೇಕಾಯಿ ನಾರು ಹರಿದು ಬಣ್ಣ ಹಾಕಿದ್ರ ಚಲೋ ಗಿಡ ಆಗ್ತಾವು. ಚಹಾದ ಚರಟ ಬಿಸಲಾಗ ಗರಿಗರಿ ಒಣಗಿಸಿ ಹರಡಿದ್ರ ನೆಲ. ಹಸಿ ಇದ್ರ ಬೂಸ್ಟು ಹಿಡಿತೈತಿ, ಎರಡು ಸಲ ನನಗ ಆಗೇತಿ. ಎರಿ ಮಣ್ಣು ಹಾಕೂದಾದ್ರ ಸೋಸಿ, ಹಾಳಿ ಮ್ಯಾಲ ಹರಡಿ, ಆಯಸ್ಕಾಂತ ಆಡಿಸ್ರಿ. ಕರಿ ಪುಡಿ ಅಂಟಿಕೊಂಡು ಬರ್ತೈತಿ, ಅದರಾಗ ಕಬ್ಬಿಣದ ಅಂಶ ಇರ್ತೈತಿ. ಅದನ್ನ ತಗೀಲಿಲ್ಲಂದ್ರ ಇಂಜಿನ್ನಿನ ಮೋಟಾರ್ ಒಳಗ ಎಳಕೋತೈತಿ.

ಬ್ಯಾಡಗಿ ಮೆಣಸಿನಕಾಯಿ ಕಣ ಮಾಡೂಣು ಅಂತ ಮಗಳು ಅಂದ್ಲು. ಕೆಂಪು ಬಣ್ಣ ಯಾಕ ತರೂದು, ಮನ್ಯಾಗ ಖರೇ ಮೆಣಸಿನಕಾಯಿನ ಐತಲ್ಲ ಅಂತ ನಾನು ಸಿಪ್ಪಿ ಸಣ್ಣಗ ಹರದು ಹರಡಿದೆ. ನೋಡಾಕ ಏನ್ ಚಂದ! ಅವತ್ತ ಸಂಜಿಗೆ ಅವರ ಗೆಳೆಯರು ಬಂದ್ರು, ಸೆಕಿ ಅಂತ ಯಾರೋ ಫ್ಯಾನ್ ಹಾಕಿದ್ರು. ಎಂಟು ಮಂದಿ ಸೀನಿಕೋತ ಅಂಗಳಕ್ಕ ಓಡಿದ್ವಿ. ಆ ಗೆಳೆಯರು ಈಗೂ ನನ್ನ ನೋಡಿದ್ರ ಮೂಗು ಹಿಡ್ಕೋತಾರ.

ನನ್ನ ಕೇಳಿದ್ರ, ಗಣಪತಿ ಹಬ್ಬಕ್ಕ ಅದನ್ನ ಕೆಳಗ ತರ್ರಿ. ನಾವು ಗಣಪ್ಪನ ಮುಂದ ಐದು ದಿನ ಓಡಸ್ತೀವಿ. ಓಣಿ ಹುಡುಗ್ರೆಲ್ಲಾ ಬರ್ತಾವು, ಆರತಿಗೆ ಕರಿಯೂ ಕೆಲಸನ ಇಲ್ಲ. ಊದಿನಕಡ್ಡಿ, ಕರ್ಪೂರದ ಹೊಗಿ ಹಳಿ ಮ್ಯಾಲ ಕೂತು ಎರಡನೇ ದಿನಕ್ಕ ಗಾಡಿ ತಡವರಿಸ್ತೈತಿ, ದಿನಾ ಸ್ಪಿರಿಟ್ ಹಚ್ಚಿ ಒರಸ್ರಿ. ಐದು ದಿನ ಮಂದಿ, ಉಳದ ವರ್ಷ ನೀವು.

ಧಾರವಾಡ, ಸಪ್ತಾಪುರದಿಂದ

ತಂಗೀ, ಮೆಣಸಿನಕಾಯಿ ಓದಿ ನಮ್ಮಾಕಿ ಬಿದ್ದು ಬಿದ್ದು ನಕ್ಕಾಳ. ರೊಕ್ಕದ ವಿಷಯ ಯಾರೂ ಹೇಳ್ಲಿಲ್ಲ. ಕೂಡಿ ಮಾಡೂದಂದ್ರ ಕೂಡಿ ಖರೀದಿ ಮಾಡೂದೂ ಬರ್ತದಲ್ಲ?

ಹುಬ್ಬಳ್ಳಿ, ನವನಗರದಿಂದ

ಬ್ಯಾಡ್ರಿ ಸರ್, ಕೈ ಮುಗೀತೀನಿ. ನಾವು ಆರು ಮಂದಿ ತಲಾ ಐದೈದು ಸಾವಿರ ಹಾಕಿ ಕಂಟ್ರೋಲರ್, ಹಳಿ, ಪ್ಲೈವುಡ್ ತಂದ್ವಿ. ಜಾಗ ಇದ್ದವರ ಶೆಡ್ಡಿನ್ಯಾಗ ಇಟ್ವಿ. ವರ್ಷ ತುಂಬೂದ್ರಾಗ ಅವರಿಗೆ ವರ್ಗ ಆತು. ಇನ್ನೊಬ್ಬರು ತಮ್ಮ ಪಾಲು ವಾಪಸ್ ಕೇಳಿದ್ರು. ಪ್ಲೈವುಡ್ಡಿನ ಆರನೇ ಪಾಲು ಹೆಂಗ ಕೊಡೂದು? ಮಳಿಗಾಲಕ್ಕ ಶೆಡ್ ಸೋರಿ ಹಲಗಿ ಎಲ್ಲಾ ಹಪ್ಪಳಾದಂಗ ಡೊಂಕಾದ್ವು, ಜಗಳಾನೂ ಮುಗೀತು. ಅವರೊಳಗ ಇಬ್ಬರು ಈಗೂ ಎದುರು ಬಂದ್ರ ಮಾತಾಡೂದಿಲ್ಲ.

ಈಗಿನ ಗುಂಪಿನ್ಯಾಗ ಒಂದು ರೂಪಾಯಿನೂ ಒಟ್ಟಿಂದಲ್ಲ. ಅವರವರ ಹಲಗಿ ಅವರವರ ಮನ್ಯಾಗ, ಡಬ್ಬಿ ಕೆಳಗ ಉಗುರಿನ ಬಣ್ಣದ ಚುಕ್ಕಿ, ನಂದು ಹಸರು. ಚಹಾದ ರೊಕ್ಕ ಅಷ್ಟ ಕೂಡಿಸ್ತೀವಿ.

ಗದಗದಿಂದ (ನಿವೃತ್ತ ಠೇಶನ್ ಮಾಸ್ತರ)

ಧಾರವಾಡದ ಸಾಹೇಬರ, "ರೈಲು ಸುತ್ತತದ, ನಾ ನೋಡ್ತೀನಿ" ಅಂದ್ರಲ್ಲ, ಆ ಮಾತಿಗೆ ಬರದೆ. ಇಲ್ಲಂದ್ರ ಸುಮ್ಮನ ಓದಿ ಹೋಗಾಂವ ನಾ.

ನನಗ ಏನೂ ಮಾಡಾಕ ಬರೂದಿಲ್ಲ. ಮಾಡಾಂವ ನನ್ನ ತಂಗಿ ಮಗ. ಪಡಸಾಲಿಯಿಂದ ಒಳಖೋಲಿಗೆ ಗೋಡಿ ತೂತು ಹೊಡದು ಹಳಿ ಒಯ್ದಾನ. ನನ್ನ ಕರದು ತೋರಿಸಿದ. ಗಾಡಿ ಒಳಗ ಹೋತು, ಬಂತು, ಹೋತು, ಬಂತು. "ಲೈನ್ ಕ್ಲಿಯರ್ (ಮುಂದಿನ ಠೇಶನ್ನಿನ ಒಪ್ಪಿಗಿ) ಯಾರ ಕಡೆ ತಗೊಂಡೀ?" ಅಂತ ಕೇಳಿದೆ. "ಮಾಮಾ, ಇದು ಆಟಿಗಿ" ಅಂತ ನಕ್ಕ. ನನಗ ನಗಿ ಬರಲಿಲ್ಲ.

ನಾ ಕೆಲಸಕ್ಕ ಸೇರಿದಾಗ ಗದಗ-ಹೊಟಗಿ ದಾರಿ ಮೀಟರ್ ಗೇಜ್, ಒಂಟಿ ಹಳಿ. ನೀಲ್ಸ್ ಬಾಲ್ ಅಂತ ಟೋಕನ್ ಯಂತ್ರ ಇರ್ತಿತ್ತು, ಈ ಠೇಶನ್ನಿಗೊಂದು, ಮುಂದಿನ ಠೇಶನ್ನಿಗೊಂದು, ನಡುವ ತಂತಿ. ಒಳಗ ಉಕ್ಕಿನ ಗುಂಡು. ನಾ ಗಂಟಿ ಹೊಡದು ಕೇಳಬೇಕು, ಆ ಕಡೆಯಾಂವ ಒಪ್ಪಿಗಿ ಕೊಟ್ರ ಮಾತ್ರ ನನ್ನ ಯಂತ್ರದಾಗಿಂದ ಒಂದು ಗುಂಡು ಹೊರಗ ಬರ್ತೈತಿ. ಒಂದು ಹೊರಗ ಬಂತಂದ್ರ ಎರಡನೇದು ಎರಡೂ ಕಡೆ ಬರೂದಿಲ್ಲ. ಆ ಗುಂಡು ಚೀಲದಾಗ ಹಾಕಿ, ಚೀಲ ಬೆತ್ತದ ಬಳಿಗೆ ಕಟ್ಟಿ, ಪೋರ್ಟರ್ ಎತ್ತಿ ಹಿಡಿತಿದ್ದ, ಇಂಜಿನ್ನಿನಾವ ಓಡೂ ಗಾಡ್ಯಾಗಿಂದ ತೋಳು ಚಾಚಿ ಹಾಕ್ಕೋತಿದ್ದ. ಗುಂಡು ಕೈಯಾಗ ಇಲ್ಲದ ಡ್ರೈವರ್ ಮುಂದಿನ ಸೆಕ್ಷನ್ನಿಗೆ ಹೋಗೂದಿಲ್ಲ. ಅಂದ್ರ ನೋಡ್ರಿ, ಆ ಕಡೆ ಒಬ್ಬಾಂವ ಇರಲಿಲ್ಲಂದ್ರ ಈ ಕಡೆ ಗಾಡಿನ ಬಿಡಾಕ ಬರೂದಿಲ್ಲ. ನೀವು ಒಬ್ಬರ ಕೂತು ಯಾರನ್ನ ಕೇಳ್ತೀರಿ?

ನಾವು ಎರಡು ಡಬರಿ, ಸೈಕಲ್ ಬೇರಿಂಗಿನ ಗುಂಡು, ಹಳೇ ಬಳಿ ತಗೊಂಡು ಶುರು ಮಾಡಿದ್ವಿ. ಚೀಲ ನಮ್ಮಾಕಿ ಹೊಲದು ಕೊಟ್ಲು. ನಾ ಪಡಸಾಲ್ಯಾಗ ಒಂದು ಠೇಶನ್, ಅವ ಒಳಖೋಲ್ಯಾಗ ಇನ್ನೊಂದು. ನಡುವ ಬಾಗಲಾ ಮುಚ್ಚತೀವಿ. ಇದು ಮುಖ್ಯ, ಒಬ್ಬರಿಗೊಬ್ಬರು ಕಾಣಬಾರದು. ಗಡಿಯಾರದ ಹತ್ತು ನಿಮಿಷಕ್ಕ ನಮ್ಮದೊಂದು ತಾಸು. ವೇಳಾಪಟ್ಟಿ ನಾ ಬರದೀನಿ. ಪ್ಯಾಸೆಂಜರ್ ಬರೂದ್ರಾಗ ಗೂಡ್ಸ್ ಲೂಪ್ ಲೈನಿಗೆ (ಬಾಜೂ ಹಳಿಗೆ) ಸರಿಸಬೇಕು, ಇಲ್ಲಂದ್ರ ಪ್ಯಾಸೆಂಜರ್ ಹೊರಗ ಸಿಗ್ನಲ್ಲಿಗೆ ನಿಂತು ಕೂಗತೈತಿ. ಮೊದಲು ಸುತ್ತಿದ್ದ ಗಾಡಿ ಅದ, ಹಳಿ ಅದ. ಈಗ ಎರಡು ತಾಸು ಕೂತ್ರೂ ಆರು ಗಾಡಿ ದಾಟಿಸೂದು ಕಷ್ಟ.

ಒಂದು ರಾತ್ರಿ ಮಾತಾಡಿಕೋತ ಕೂತು, ಗೂಡ್ಸ್ ಮೇನ್ ಲೈನಿನ ಮ್ಯಾಲ ಇದ್ದಾಗ ಲೈನ್ ಕ್ಲಿಯರ್ ಕೊಟ್ಟುಬಿಟ್ಟೆ. ಎರಡು ಇಂಜಿನ್ ಮೂಗಿಗೆ ಮೂಗು. ಏನೂ ಮುರಿಲಿಲ್ಲ. 36 ವರ್ಷ ಸರ್ವಿಸಿನ್ಯಾಗ ಒಮ್ಮಿಯೂ ಹಂಗ ಆಗಿರಲಿಲ್ಲ. ಹುಡುಗ ನಗಾಕತ್ತಿದ್ದ, ನನಗ ಆ ರಾತ್ರಿ ನಿದ್ದಿ ಹತ್ತಲಿಲ್ಲ.

ಹಂಗಂತ ಅವನ ಕೆಲಸದ ಹೊತ್ತಿನ್ಯಾಗ ನಾ ಅತ್ತಾಗ ಹಾಯೂದಿಲ್ಲ. ಬೆಸಿಗಿ ಹಾಕೂ ಮುಂದ ಹಿಂದ ಯಾರರ ನಿಂತ್ರ ಅವಗ ಮೈ ಉರಿತೈತಿ. ತಿಂಗಳಾನುಗಟ್ಟಲೆ ಬಾಗಲಾ ಹಾಕ್ಕೊಂಡಿರ್ತಾನ, ಕರದಾಗ ಹೋಗ್ತೀನಿ. ನಿಮಗ ಐದು ಮಂದಿ ಬ್ಯಾಡ್ರಿ, ಒಬ್ಬಾಂವ ಸಾಕು. ಆದ್ರ ಗೋಡಿ ಆಚಿ ಕಡೆ.

ಹುಬ್ಬಳ್ಳಿ, ಕೇಶ್ವಾಪುರದಿಂದ

ಮಾಸ್ತರ, ನಿಮ್ಮ ಮಾತು ಒಪ್ಪಿದೆ, ಆದ್ರೂ ನನಗ ರಾತ್ರಿ ಹತ್ತರ ಮ್ಯಾಲ ಲೈನ್ ಕ್ಲಿಯರ್ ಕೊಡೂ ಮಂದಿ ಬ್ಯಾಡ. ಧಾರವಾಡದ ಸರ್, ನಿರ್ಧಾರ ಮಾಡೂಕಿಂತ ಮೊದಲು ಪುಣೆಗೆ ಹೋದಾಗ ಕೋಥ್ರೂಡಿನ ಜೋಶಿಯವರ ಸಣ್ಣ ರೈಲಿನ ಮ್ಯೂಸಿಯಂ ನೋಡಿ ಬರ್ರಿ. 1998ರಿಂದ ನಡದದ. ಒಬ್ಬ ಮನುಷ್ಯಾನ ಹುಚ್ಚು ಎಲ್ಲಿ ತನಕ ಹೋಗ್ತದ ಅಂತ ಗೊತ್ತಾಗ್ತದ.

ಧಾರವಾಡ, ಸಪ್ತಾಪುರದಿಂದ

ಎಲ್ಲಾರಿಗೂ ಉಪಕಾರ. ಹೋದ ಐತವಾರ ಹುಬ್ಬಳ್ಳಿಗೆ ಹೋಗಿದ್ದೆ, ಹಳಿ ಮನ್ಯಾಗ ಬಿಟ್ಟು ಒಂದು ಇಂಜಿನ್ ಅಷ್ಟ ಡಬ್ಬ್ಯಾಗ ಹಾಕ್ಕೊಂಡು. ವಿದ್ಯಾನಗರದ ತಮ್ಮಾ, ನಂದೂ 3ನೇ ನಂಬರ್ ಇತ್ತು, ಬದಲಿಸಿ ಕೊಟ್ರು. ಮಂದಿ ಚಲೋ ಇದ್ದಾರ. ಗಿರ್ಮಿಟ್-ಮಿರ್ಚಿ ತರಿಸಿದ್ರು, ತಿಂದು ಕೈ ತೊಳೀದ ಹಳಿ ಮುಟ್ಟಿದವರ ಕಡೆ ಹತ್ತು ರೂಪಾಯಿ ದಂಡ ತಗೋತಾರ. ನಾ ಇಪ್ಪತ್ತು ಕೊಟ್ಟೆ. ತಿಂಗಳಿಗೆ ಒಮ್ಮೆ ಹೋಗ್ತೀನಿ, ಎರಡು ಆಗೂದಿಲ್ಲ.

ಗದಗದ ಮಾಸ್ತರ, ನಿಮ್ಮ ಗೋಡಿ ಆಚಿ ಕಡೆ ಒಬ್ಬರು ಸಿಕ್ರು. ನಮ್ಮ ಧಾರವಾಡ-ಅಳ್ನಾವರ ದಾರಿಯ ಎರಡು ಠೇಶನ್ನಿನ ಹೆಸರು ಇಟ್ಟೀವಿ: ಮಾಳಿಗಿ ಮ್ಯಾಲ ನಾ ಮುಗದ, ಕೆಳಗ ಅಡಗಿಮನಿ ಕಂಬಾರಗಣವಿ. ನಡುವ ಮಗ ಬಿಟ್ಟು ಹೋದ ಇಂಟರ್‌ಕಾಮ್. ಕಂಬಾರಗಣವಿ ಮಾಸ್ತರಬಾಯಿ ಒಪ್ಪಿಗಿ ಕೊಡೂದಿದ್ರ ದೇವರ ಗಂಟಿ ಬಾರಸ್ತಾಳ. ಇವತ್ತ ಹನ್ನೊಂದಕ್ಕ ಕೇಳಿದೆ. "ಒಗ್ಗರಣಿ ಆಗೂ ತನಕ ಲೈನ್ ಕ್ಲಿಯರ್ ಇಲ್ಲ, ಮೊದಲು ಕೆಳಗಿಳದು ಕೊತ್ತಂಬರಿ ತಂದುಕೊಡ್ರಿ" ಅಂತ ಉತ್ತರ ಬಂತು. ಗಾಡಿ ಇನ್ನೂ ಮುಗದದಾಗ ನಿಂತದ.