ಒಂದು ದಿನ ಹಾಲ್ ಬಳಸಿದ್ದೇವೆ, ಇನ್ನೊಂದು ದಿನದ ಬಾಡಿಗೆ ವಾಪಸ್ ಸಿಗುತ್ತಾ?

ಮುಂಗಾರು:
ಎರಡು ದಿನಕ್ಕೆ ಹಾಲ್ ಬುಕ್ ಮಾಡಿ ಪೂರ್ತಿ ಬಾಡಿಗೆ ಮೊದಲೇ ಕಟ್ಟಿದ್ದೆವು. ಮೊದಲ ದಿನದ ಕಾರ್ಯಕ್ರಮ ಸಲೀಸಾಗಿ ಮುಗಿಯಿತು. ಆ ರಾತ್ರಿ ಬೆಂಕಿ ಬಿದ್ದು ವೇದಿಕೆ, ಚಾವಣಿ ಎಲ್ಲ ಸುಟ್ಟುಹೋಯಿತು. ಮರುದಿನಕ್ಕೆ ಜಾಸ್ತಿ ದುಡ್ಡು ಕೊಟ್ಟು ಬೇರೆ ಹಾಲ್ ಹಿಡಿಯಬೇಕಾಯಿತು. ಈಗ ಮಾಲೀಕರು ರಸೀದಿ ತೋರಿಸುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಬುಕಿಂಗ್ ರದ್ದು ಮಾಡಿದರೆ ಹಣ ವಾಪಸ್ ಇಲ್ಲ' ಅಂತಿದೆ. 'ನನಗೇ ಇಷ್ಟು ನಷ್ಟ ಆಗಿದೆ, ನಿಮಗೆ ಎಲ್ಲಿಂದ ತಂದು ಕೊಡಲಿ' ಅಂತಾರೆ. ಏನು ಮಾಡಬಹುದು?

ಕರಿಕೋಟು:
ರದ್ದು ಮಾಡಿದ್ದು ನೀವಲ್ಲವಲ್ಲ, ಆ ಸಾಲು ಇಲ್ಲಿ ನಿಲ್ಲುವುದು ಕಷ್ಟ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 56 ನೋಡಿ. ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಕೆಲಸ ಅಸಾಧ್ಯವಾದರೆ ಕರಾರು ಅನೂರ್ಜಿತ, ಅಂದರೆ ಅದಕ್ಕೆ ಕಾನೂನಿನ ಬಲ ಇರಲ್ಲ. ಆಮೇಲೆ ಸೆಕ್ಷನ್ 65 ಬರುತ್ತದೆ: ಆ ಕರಾರಿನಲ್ಲಿ ಏನು ಪಡೆದಿದ್ದೀರೋ ಅದನ್ನು ಹಿಂತಿರುಗಿಸಬೇಕು, ಇಲ್ಲವೇ ಅದಕ್ಕೆ ಪರಿಹಾರ ಕೊಡಬೇಕು. ಇದು ಎರಡೂ ಕಡೆಗೆ. ನೀವು ಬಳಸಿದ ಒಂದು ದಿನವನ್ನು ವಾಪಸ್ ಕೊಡೋಕಾಗಲ್ಲ, ಹಾಗಾಗಿ ಅದರ ಬಾಡಿಗೆ ಅವರದು, ಎರಡನೇ ದಿನದ್ದು ನಿಮ್ಮದು. ಅವರಿಗೆ ನಷ್ಟ ಆಗಿದ್ದು ಪಾಪ ನಿಜ, ಆದರೆ ಕೊಡದ ದಿನದ ಬಾಡಿಗೆ ಇಟ್ಟುಕೊಳ್ಳೋಕೆ ಅದು ಕಾರಣವಲ್ಲ.

ಬೇರೆ ಹಾಲ್‌ಗೆ ಕೊಟ್ಟ ಹೆಚ್ಚುವರಿ ದುಡ್ಡು ಮಾತ್ರ ಇದರಡಿ ಸಿಗಲ್ಲ. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ಹಾಡುಗಾರನೊಬ್ಬ 1,000 ರೂಪಾಯಿ ಮುಂಗಡ ಪಡೆದ, ಕಾಯಿಲೆ ಬಿದ್ದು ಹಾಡಲಾಗಲಿಲ್ಲ. 1,000 ವಾಪಸ್ ಕೊಡಬೇಕು, ಕಛೇರಿ ನಡೆದಿದ್ದರೆ ಬರುತ್ತಿದ್ದ ಲಾಭವನ್ನು ತುಂಬಿಕೊಡಬೇಕಿಲ್ಲ.

ಸುಮ್ನೆಓದುಗ:
ಒಂದು ನಿಮಿಷ, ಬೆಂಕಿ ಹೇಗೆ ಬಿತ್ತು ಅಂತ ಮೊದಲು ಕೇಳಿ. ವೈರಿಂಗ್ ಕೆಟ್ಟಿದೆ ಅಂತ ಗೊತ್ತಿದ್ದೂ ಹಾಗೇ ಬಿಟ್ಟಿದ್ದರೆ 'ಯಾರ ಕೈಯಲ್ಲೂ ಇರಲಿಲ್ಲ' ಅನ್ನೋ ಮಾತೇ ಬಿದ್ದುಹೋಗುತ್ತದೆ. ಆಗ ಆ ಹೆಚ್ಚುವರಿ ಖರ್ಚನ್ನೂ ನಷ್ಟಪರಿಹಾರ ಅಂತ ಕೇಳಬಹುದು, ಅಲ್ವಾ?

ಕರಿಕೋಟು:
ಹೌದು, ಸಾಬೀತು ಮಾಡೋಕಾದರೆ.

ಹಳೇರಸೀದಿ:
ಹಾಗಾದರೆ ಕರಾರು ಅನೂರ್ಜಿತ ಅಂತಾದರೆ ಯಾವಾಗಲೂ ದುಡ್ಡು ವಾಪಸ್ಸಾ?

ಕರಿಕೋಟು:
ಇಲ್ಲ. ಕಾನೂನಿಗೆ ವಿರುದ್ಧ ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದು ಮಾಡಿಕೊಂಡಿದ್ದರೆ ಸೆಕ್ಷನ್ 65 ಸಹಾಯಕ್ಕೆ ಬರಲ್ಲ. ಅಪ್ರಾಪ್ತರ ಕಥೆಯೂ ಬೇರೆ. 1903ರ ಮೊಹೋರಿ ಬೀಬಿ ಪ್ರಕರಣದಲ್ಲಿ ಅಪ್ರಾಪ್ತ ಹುಡುಗನಿಗೆ ಸಾಲ ಕೊಟ್ಟವರಿಗೆ ಈ ಸೆಕ್ಷನ್ ಅಡಿ ಹಣ ಸಿಗಲಿಲ್ಲ. ವಯಸ್ಸು ಗೊತ್ತಿದ್ದೇ ಕೊಟ್ಟಿದ್ದರು ಅನ್ನೋದು ಬೇರೆ.

ಮುಂಗಾರು ಅವರೇ, ಮೊದಲು ಲಿಖಿತವಾಗಿ ಕೇಳಿ, ರಸೀದಿ ಪ್ರತಿ ಇಟ್ಟುಕೊಳ್ಳಿ. ದಾವೆ ಹಾಕೋಕೆ 3 ವರ್ಷ ಇರುತ್ತದೆ.